ಖಣ್ ಎನ್ನದ ಇಟ್ಟಿಗೆ

2008ನೇ ಇಸವಿ. ನವಿ ಮುಂಬಯಿಯ ಮಹಾಪೆಯಲ್ಲಿದ್ದ ಒಂದು ಖಾಸಗಿ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಿನಲ್ಲಿ ನಾನು ಆಗ ಸೀನಿಯರ್ ಟೆಸ್ಟಿಂಗ್ ಆಫೀಸರ್. ಹುದ್ದೆಯ ಹೆಸರು ಉದ್ದವಾಗಿತ್ತೇ ಹೊರತು ಕೆಲಸ ಸರಳ. ಸಿಮೆಂಟು, ಜಲ್ಲಿ, ಇಟ್ಟಿಗೆ, ಟೈಲ್ಸ್ ಏನನ್ನು ತಂದುಕೊಟ್ಟರೂ ಒಡೆದು, ನೆನೆಸಿ, ಕಾಯಿಸಿ, ತೂಗಿ, ಬಂದ ಅಂಕಿಯನ್ನು ಕಾಗದದಲ್ಲಿ ಬರೆದು ಸಹಿ ಹಾಕುವುದು. ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತುತ್ತಿದ್ದೆ. ಹತ್ತುವುದೆಂದರೇನು, ಹಿಂದಿದ್ದವರು ಹತ್ತಿಸುತ್ತಿದ್ದರು. ಠಾಣೆಯಲ್ಲಿ ಇಳಿದು ವಾಶಿ ಲೈನಿನ ಗಾಡಿ, ಘಣಸೋಲಿಯಿಂದ ಶೇರ್ ರಿಕ್ಷಾ. ಲ್ಯಾಬಿಗೆ ಕಾಲಿಡುವಷ್ಟರಲ್ಲಿ ನನ್ನನ್ನೇ ಅದುಮಿ ನೋಡುವ ಒಂದು ಕಂಪ್ರೆಶನ್ ಟೆಸ್ಟ್ ಮುಗಿದಿರುತ್ತಿತ್ತು.

ನಮ್ಮ ಮನೆತನ ಕೋಟದ ಕಡೆಯದಾದರೂ ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯ ಚಾಳಿನಲ್ಲಿ. ಅಜ್ಜಯ್ಯ, ದೊಡ್ಡಮ್ಮ ಮನೆಯೊಳಗೆ ಆಡಿದ ಮಾತೇ ನನ್ನ ಕನ್ನಡ. ಅಜ್ಜಯ್ಯ ಸೊಪ್ಪಿನವನ ತಕ್ಕಡಿಯನ್ನೂ ಬಿಡುತ್ತಿರಲಿಲ್ಲ; ತೂಗಿದ ಮೇಲೆ ಒಮ್ಮೆ ತಟ್ಟೆ ಅದಲುಬದಲು ಮಾಡಿಸಿ ನೋಡುತ್ತಿದ್ದರು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಮಾಣಿ" ಅನ್ನುತ್ತಿದ್ದರು. ಅವರ ಮೊಮ್ಮಗ ಅದನ್ನೇ ಹೊಟ್ಟೆಪಾಡು ಮಾಡಿಕೊಂಡ. ಆದರೆ ಆ ವರ್ಷದ ಫೆಬ್ರವರಿಯಿಂದ ಮೇ ತಿಂಗಳವರೆಗೆ, ಪ್ರಮಾಣಿಸಿ ನೋಡಿದಷ್ಟೂ ನನಗೆ ತಲೆ ಕೆಡುತ್ತಾ ಹೋಯಿತು. ಆ ಕತೆ ಇದು.

ಫೆಬ್ರವರಿಯ ಮೊದಲ ವಾರ ಒಂದು ಫೋನ್ ಬಂತು. ಟಿಟ್ವಾಳಾದ ಆಚೆ ನದಿ ದಂಡೆಯಲ್ಲಿ ಇಟ್ಟಿಗೆ ಸುಡುವ ಭಟ್ಟಿ ಇಟ್ಟಿದ್ದ ಗಜಾನನ ಶೇಠ್ ಎಂಬವರದು. ಇಟ್ಟಿಗೆಯ ಥರ್ಮಲ್ ಟೆಸ್ಟ್ ಮಾಡುತ್ತೀರಾ, ಏನು ತರಬೇಕು ಎಂದು ಮರಾಠಿಯಲ್ಲಿ ಕೇಳಿದರು. ನನ್ನ ಕೈಯಲ್ಲಿ ಬೇರೇನೋ ಕೆಲಸವಿತ್ತು. "ಹತ್ತು ಒಳ್ಳೆಯ ಇಟ್ಟಿಗೆ ತನ್ನಿ ಶೇಠ್, ಸಾಕು" ಎಂದು ಹೇಳಿ ಇಟ್ಟುಬಿಟ್ಟೆ.

ಮರುದಿನವೇ ಬಂದರು. ಅರವತ್ತೈದರ ಆಸುಪಾಸು, ಬಿಳಿ ಟೋಪಿ, ಬಿಳಿ ಅಂಗಿ, ಉಗುರಿನ ಸಂದಿನಲ್ಲಿ ಮಾತ್ರ ಕೆಂಪು ಮಣ್ಣು. ರಿಕ್ಷಾದವನ ಕೈಗೆ ಕೊಡದೆ ತಾವೇ ಗೋಣಿ ಹೊತ್ತು ತಂದು ಕೌಂಟರಿನ ಮೇಲೆ ಇಳಿಸಿದರು. ಒಂದೊಂದು ಇಟ್ಟಿಗೆಯನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದರು, ಹಾಪೂಸ್ ಮಾವಿನ ಹಣ್ಣಿನ ಹಾಗೆ. ನಡುವಿನ ತಗ್ಗಿನಲ್ಲಿ ಅವರ ತಂದೆಯ ಹೆಸರಿನ ಎರಡಕ್ಷರದ ಛಾಪು.

ವಿಷಯ ಹೀಗಿತ್ತು. ಕಲ್ಯಾಣದ ಹತ್ತಿರ ಒಂದು ಟ್ರಸ್ಟು ಬಡಮಕ್ಕಳಿಗಾಗಿ ಶಾಲೆ ಕಟ್ಟಿಸಲಿತ್ತು. ನೆಲಮಹಡಿ ಮಾತ್ರ, ಉದ್ದನೆಯ ಕಟ್ಟಡ, ಸುತ್ತ ಒಂದು ಮರವೂ ಇಲ್ಲದ ಜಾಗ. ಏಪ್ರಿಲ್ ಬಿಸಿಲಲ್ಲಿ ಮಕ್ಕಳು ಬೇಯಬಾರದು, ಎ.ಸಿ. ಹಾಕಿಸುವ ತಾಕತ್ತು ಇಲ್ಲ. ಅದರ ಆರ್ಕಿಟೆಕ್ಟು ಗಜಾನನ ಶೇಠರಿಗೆ ಹೇಳಿದ್ದರಂತೆ: ಮಣ್ಣಿಗೆ ಭತ್ತದ ಹೊಟ್ಟು ಬೆರೆಸಿ ಸುಡಿ, ಹೊಟ್ಟು ಉರಿದು ಹೋದ ಕಡೆ ಸಣ್ಣ ಸಣ್ಣ ತೂತು ಉಳಿಯುತ್ತದೆ, ಇಟ್ಟಿಗೆ ಬಿಸಿಲನ್ನು ತಡೆಯುತ್ತದೆ; ಲ್ಯಾಬಿನ ಸರ್ಟಿಫಿಕೇಟು ತಂದರೆ ಶಾಲೆಯ ಇಟ್ಟಿಗೆಯೆಲ್ಲ ನಿಮ್ಮದೇ.

"ನನ್ನ ಮಕ್ಕಳು ಭಟ್ಟಿಯ ಜಾಗ ಬಿಲ್ಡರಿಗೆ ಕೊಡೋಣ ಅಂತ ಕೂತಿದ್ದಾರೆ" ಎಂದರು ಶೇಠ್. "ಅಕ್ಷಯ ತೃತೀಯೆಗೆ ಸಹಿ. ಈ ಆರ್ಡರ್ ಬಂದರೆ ನಾನು ಬದುಕಿರುವವರೆಗೆ ಭಟ್ಟಿಗೆ ಕೈ ಹಚ್ಚುವುದಿಲ್ಲ ಅಂತ ಒಪ್ಪಿದ್ದಾರೆ. ಬಾರದಿದ್ದರೆ ನಾನು ಒಪ್ಪಬೇಕು. ಮಾತು ಆಗಿದೆ."

ಭಟ್ಟಿಯಲ್ಲಿ ಮೂವತ್ತಕ್ಕೂ ಹೆಚ್ಚು ಸಂಸಾರಗಳು ದುಡಿಯುತ್ತಿದ್ದವು. ಅದನ್ನು ಅವರು ಆ ದಿನ ಹೇಳಲಿಲ್ಲ, ನಾನು ಆಮೇಲೆ ಕಂಡದ್ದು.

ಓದುವವರಿಗೆ ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಒಂದು ವಸ್ತುವಿನೊಳಗಿಂದ ಶಾಖ ಎಷ್ಟು ಸಲೀಸಾಗಿ ಹಾದುಹೋಗುತ್ತದೆ ಎಂಬ ಅಳತೆಗೆ ಥರ್ಮಲ್ ಕಂಡಕ್ಟಿವಿಟಿ ಅನ್ನುತ್ತಾರೆ. ಅಂಕಿ ಕಡಿಮೆಯಾದಷ್ಟೂ ಶಾಖಕ್ಕೆ ದಾರಿ ಕಷ್ಟ, ಒಳಗಿದ್ದವರಿಗೆ ಸುಖ. ಶಾಖವನ್ನು ತಡೆಯುವುದರಲ್ಲಿ ಅಲ್ಲಾಡದೆ ನಿಂತ ಗಾಳಿಗೆ ಸಾಟಿಯಿಲ್ಲ. ಮೀನು ಮಾರುವವರ ಥರ್ಮೋಕೋಲ್ ಡಬ್ಬಿಯಲ್ಲಿ ಐಸು ಮಧ್ಯಾಹ್ನದವರೆಗೆ ಕರಗದೆ ಇರುವುದು ಅದರೊಳಗೆ ಸಿಕ್ಕಿಬಿದ್ದ ಗಾಳಿಯಿಂದ. ಇಟ್ಟಿಗೆಯೊಳಗೂ ಹಾಗೆ ಗಾಳಿಯ ಗೂಡು ಮಾಡುವುದೇ ಹೊಟ್ಟಿನ ಕೆಲಸ. ಅಳೆಯಲು ನಮ್ಮಲ್ಲಿ ಗಾರ್ಡೆಡ್ ಹಾಟ್ ಪ್ಲೇಟ್ ಎಂಬ ಯಂತ್ರವಿತ್ತು. ಇಟ್ಟಿಗೆಯನ್ನು ಚಪ್ಪಟೆ ಬಿಲ್ಲೆಗಳಾಗಿ ಕೊಯ್ದು, ಒಂದು ಮಗ್ಗುಲು ಬಿಸಿ ಕೊಟ್ಟು, ಇನ್ನೊಂದು ಮಗ್ಗುಲು ತಣ್ಣಗಿರಿಸಿ, ಈ ಕಡೆಯಿಂದ ಆ ಕಡೆಗೆ ಎಷ್ಟು ಶಾಖ ದಾಟಿತು ಎಂದು ನೋಡುವುದು. ಮಾಮೂಲಿ ಇಟ್ಟಿಗೆ ನಮ್ಮ ಯಂತ್ರದಲ್ಲಿ 0.74 ತೋರಿಸುತ್ತಿತ್ತು. ಆರ್ಕಿಟೆಕ್ಟು ಕೇಳಿದ್ದು 0.45 ಅಥವಾ ಅದಕ್ಕಿಂತ ಕಡಿಮೆ.

ಶೇಠರ ಇಟ್ಟಿಗೆ 0.71 ತೋರಿಸಿತು.

ಯಂತ್ರದ ತಪ್ಪೆಂದುಕೊಂಡೆ. ಅಂಕಿ ಗೊತ್ತಿರುವ ಸ್ಟ್ಯಾಂಡರ್ಡ್ ಬಿಲ್ಲೆ ಇಟ್ಟು ನೋಡಿದೆ. ಯಂತ್ರ ಸರಿಯಾಗಿಯೇ ಇತ್ತು. ಹಾಗಾದರೆ ತೇವವಿರಬೇಕು, ತೂತುಗಳಲ್ಲಿ ನೀರು ತುಂಬಿದ್ದರೆ ಶಾಖ ಬೇಗ ದಾಟುತ್ತದೆ. ಶೇಠರಿಂದ ಇನ್ನೊಂದು ಹತ್ತು ತರಿಸಿದೆ. ತೂಕ ಇಳಿಯುವುದು ನಿಲ್ಲುವವರೆಗೆ ಓವನಿನಲ್ಲಿ ಒಣಗಿಸಿದೆ. ಈ ಸಲ 0.70. ಒಂದು ವಾರದ ಶ್ರಮಕ್ಕೆ ದಶಮಾಂಶದ ಬಾಲದಲ್ಲಿ ಒಂದೇ ಒಂದು ಅಂಕಿ ಇಳಿದಿತ್ತು.

ನಮ್ಮ ಲ್ಯಾಬಿನ ಮುಖ್ಯಸ್ಥೆ ವಸುಧಾ ಮೇಡಂ, ಮೈಸೂರಿನವರು. ಜಾಣೆ, ಮಾತು ಕಡಿಮೆ, ಆಡಿದ್ದು ನೇರ. ನನ್ನ ಕಾಗದವನ್ನು ತಮ್ಮ ಕಡೆ ತಿರುಗಿಸಿಕೊಂಡು ಒಂದೇ ಜಾಗದಲ್ಲಿ ಪೆನ್ನಿಟ್ಟರು.

"ಐತಾಳ್ರೇ, ತೂಕ ನೋಡಿದ್ರಾ? ಒಂದೊಂದೂ ಮೂರು ಕೆ.ಜಿ. ಇದೆ. ಮಾಮೂಲಿ ಇಟ್ಟಿಗೇನೂ ಅಷ್ಟೇ ತೂಗತ್ತೆ. ಹೊಟ್ಟು ಹಾಕಿ, ತೂತಾಗಿದ್ರೆ ಹಗುರ ಆಗ್ಬೇಕಿತ್ತಲ್ವಾ?"

"ಹೌದು ಮೇಡಂ."

"ಅಂದ್ಮೇಲೆ ಆತ ಹೊಟ್ಟೇ ಹಾಕಿಲ್ಲ. ಮಾಮೂಲಿ ಇಟ್ಟಿಗೆ ತಂದು ನಮ್ಮ ಹತ್ರ ಸರ್ಟಿಫಿಕೇಟ್ ಹೊಡ್ಸೋಕೆ ನೋಡ್ತಿದಾನೆ. ಇಷ್ಟು ವರ್ಷ ಆಯ್ತು, ನಿಮಗೆ ಗೊತ್ತಾಗಲ್ವಾ?"

ತರ್ಕದಲ್ಲಿ ಒಂದು ಸಂದೂ ಇರಲಿಲ್ಲ. ಆದರೆ ಮೋಸ ಮಾಡುವವನು ಇಟ್ಟಿಗೆಯನ್ನು ಮಗುವಿನ ಹಾಗೆ ಕಾಗದದಲ್ಲಿ ಸುತ್ತಿ ತರುತ್ತಾನೆಯೇ? ಇದನ್ನು ಮೇಡಂ ಮುಂದೆ ಹೇಳಲು ಬಾಯಿ ಬರಲಿಲ್ಲ. ಅದಕ್ಕೆ ಅಂಕಿ ಇಲ್ಲವಲ್ಲ.

ಎರಡನೆಯ ರಿಪೋರ್ಟು ಒಯ್ಯಲು ಶೇಠ್ ಬಂದ ದಿನ, ಸುತ್ತಿ ಬಳಸಿ, ಹೊಟ್ಟು ಬೆರೆಸುವಾಗ ನೀವು ಎದುರಿಗೇ ಇದ್ದಿರಾ, ಕೆಲಸದವರು ಏನಾದರೂ ಮರೆತರೋ ಎಂದೆಲ್ಲ ಕೇಳಿದೆ. ಅವರಿಗೆ ಅರ್ಥವಾಯಿತು. ಮುಖ ಕೆಂಪಾಯಿತು.

"ಸಾಹೇಬ್, ಮಣ್ಣು ತಿಂದು ಬದುಕಿದವರು ನಾವು. ಮಣ್ಣಿನಲ್ಲಿ ಸುಳ್ಳು ಬೆರೆಸುವುದಿಲ್ಲ. ನಾಳೆ ನೀವೇ ಬನ್ನಿ. ನಿಮ್ಮ ಕಣ್ಣೆದುರೇ ಕಲಸುತ್ತೇವೆ. ಬೇಕಾದರೆ ನಿಮ್ಮ ಕಾಲಲ್ಲೇ ತುಳಿಯಿರಿ."

ಮಾರ್ಚ್ ಎರಡನೆಯ ವಾರ ರಜೆಯ ದಿನ ನೋಡಿ ಹೋದೆ. ಟಿಟ್ವಾಳಾದಲ್ಲಿ ಗಣಪತಿ ಗುಡಿಗೆ ಹೊರಟ ಜನರ ನಡುವೆ ನುಸುಳಿ ಸ್ಟೇಷನ್ನಿನಿಂದ ಹೊರಬಂದರೆ, ಶೇಠ್ ಮೋಟಾರ್ ಸೈಕಲ್ ಹಿಡಿದು ಕಾಯುತ್ತಿದ್ದರು. ಭಟ್ಟಿಯಲ್ಲಿ ನನ್ನೆದುರಿಗೇ ಮಣ್ಣಿಗೆ ಹೊಟ್ಟು ಸುರಿದರು. ನಮ್ಮ ಕಡೆ ಅದಕ್ಕೆ ಉಮಿ ಅನ್ನುತ್ತೇವೆ. ನಾನೇ ಅಳೆದು ನೋಡಿದೆ, ಹತ್ತು ಬುಟ್ಟಿ ಮಣ್ಣಿಗೆ ಮೂರು ಬುಟ್ಟಿ ಉಮಿ. ಕಾಲಲ್ಲಿ ತುಳಿಯಲಿಲ್ಲ, ಕೈಯಲ್ಲಿ ಹಿಚುಕಿ ನೋಡಿದೆ. ಅಚ್ಚಿನಿಂದ ಬಿದ್ದ ನೂರಿನ್ನೂರು ಹಸಿ ಇಟ್ಟಿಗೆಗಳ ಮೇಲೆ ನಾನೇ ಮೊಳೆಯಿಂದ ಗೀರು ಹಾಕಿ ಗುರುತು ಮಾಡಿದೆ, ಬೇರೆ ಇಟ್ಟಿಗೆ ಸೇರಿಕೊಳ್ಳಬಾರದೆಂದು. ಶೇಠ್ ಅದನ್ನು ನೋಡಿಯೂ ನೋಡದವರ ಹಾಗೆ ನದಿಯ ಕಡೆ ಮುಖ ಮಾಡಿ ನಿಂತಿದ್ದರು. ಅದು ನನ್ನನ್ನು ಚುಚ್ಚಿತು. ಆದರೂ ಗೀರು ಹಾಕುವುದನ್ನು ನಿಲ್ಲಿಸಲಿಲ್ಲ.

ಒಣಗಿ, ಸುಟ್ಟು, ಆರಲು ಒಂದು ತಿಂಗಳು. ಏಪ್ರಿಲ್ ನಡುವಿನಲ್ಲಿ ಮತ್ತೆ ಹೋದೆ. ಶೇಠರ ಮನೆಯಲ್ಲಿ ಅಕ್ಕಿ ರೊಟ್ಟಿ, ಒಣ ಬಟಾಣಿ ಗಸಿ ಮಾಡಿ, ಬ್ರಾಹ್ಮಣರು ಬರುತ್ತಾರೆಂದು ಮೀನಿನ ಪಾತ್ರೆಯನ್ನು ಹೊರಗಿಟ್ಟಿದ್ದರು. ನಾನು ಉಂಡು ಕೈ ತೊಳೆಯುವಷ್ಟರಲ್ಲಿ ನನ್ನ ಗೀರಿರುವ ಹತ್ತು ಇಟ್ಟಿಗೆ ಕಾಗದ ಸುತ್ತಿಕೊಂಡು ಸಿದ್ಧವಾಗಿದ್ದವು. ಗೀರು ನನ್ನದೇ, ಮಣ್ಣು ನಾನು ಹಿಚುಕಿದ್ದೇ. ಇನ್ನೇನು ಸಂಶಯ?

0.72.

ಮೊದಲನೆಯದಕ್ಕಿಂತ ಹೆಚ್ಚು! ಉಮಿ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ, ಉಮಿ ಇಲ್ಲವೆಂದು ಯಂತ್ರ ಹೇಳುತ್ತಿದೆ. ತೂಕ ಮತ್ತೆ ಮೂರು ಕೆ.ಜಿ.ಯ ಹತ್ತಿರ. ಒಂದು ಸಣ್ಣ ವಿಷಯ ನೋಟ್ ಬುಕ್ಕಿನಲ್ಲಿ ಬರೆದಿದ್ದೆ: ಇಟ್ಟಿಗೆಗಳ ಅಳತೆ ಅಚ್ಚಿಗಿಂತ ಸ್ವಲ್ಪ ಕುಗ್ಗಿದೆ. ಬರೆದೆ, ಆದರೆ ಯೋಚಿಸಲಿಲ್ಲ. ಬರೆದುಕೊಂಡರೆ ಯೋಚಿಸಿದ ಹಾಗೆ ಎಂಬ ಭ್ರಮೆ ನಮ್ಮ ಕಸುಬಿನವರಿಗೆ ಇದ್ದದ್ದೇ.

"ಈಗ್ಲೂ ಮೋಸ ಅಂತೀರಾ ಮೇಡಂ?" ಎಂದೆ.

"ಇಲ್ಲ" ಎಂದರು ಮೇಡಂ. ಕಾಗದವನ್ನು ಬದಿಗಿಟ್ಟು, "ಈಗ ನನಗೂ ಗೊತ್ತಾಗ್ತಿಲ್ಲ. ಉಮಿಯಿಂದ ಇಟ್ಟಿಗೆ ತಂಪಾಗಲ್ಲ ಅಂತ ಬರ್ದು ಮುಗ್ಸಿ ಐತಾಳ್ರೇ. ಅಂಕಿ ಅದನ್ನೇ ಹೇಳ್ತಿದೆ" ಎಂದರು.

ಅಂಕಿ ಹೇಳುತ್ತಿದ್ದುದು ಅದನ್ನೇ. ಬರೆಯಲು ಕೂತೆ. ಆದರೆ ಆ ಕಾಗದವನ್ನು ಪೋಸ್ಟಿಗೆ ಹಾಕಲು ಮನಸ್ಸಾಗಲಿಲ್ಲ. ತಪ್ಪಾಗಿ ಮನುಷ್ಯನನ್ನು ಸಂಶಯಿಸಿದ್ದೆ, ಆ ಋಣವಾದರೂ ತೀರಲಿ, ಎದುರಿಗೆ ಕೂತು ಹೇಳಿ ಬರೋಣ ಎಂದುಕೊಂಡೆ. ಅಕ್ಷಯ ತೃತೀಯೆಗೆ ಎರಡು ವಾರವೂ ಉಳಿದಿರಲಿಲ್ಲ.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ. ಶೇಠ್ ಕಲ್ಯಾಣದ ಪೇಟೆಗೆ ಹೋಗಿದ್ದರು, ಒಂದು ಗಂಟೆಯಲ್ಲಿ ಬರುತ್ತಾರೆ ಎಂದರು. ಭಟ್ಟಿಯ ಬಯಲಿನಲ್ಲಿ ನೆರಳೆಂಬುದಿಲ್ಲ. ಕೆಳಗೆ ಮಣ್ಣು ಸುಡುತ್ತದೆ, ಮೇಲೆ ಆಕಾಶ. ಕೈಯಲ್ಲಿ ರಿಪೋರ್ಟಿನ ಲಕೋಟೆ, ತಲೆಯ ಮೇಲೆ ಕರ್ಚೀಫು. ಅಷ್ಟರಲ್ಲಿ ಹಿಂದಿನಿಂದ ಕನ್ನಡ ಕೇಳಿಸಿತು.

"ಬರ್ರಿ ಸಾಹೇಬ್ರ, ಬಿಸಲಾಗ ಯಾಕ ನಿಂತೀರಿ? ನೀವೂ ಇಟ್ಟಂಗಿ ಆಗವ್ರದೀರೇನ? ಒಳಗ ಬಂದ್ ನೀರ ಕುಡೀರಿ."

ಕಾಶವ್ವ. ಇಂಡಿ ತಾಲೂಕಿನವಳು, ಐವತ್ತರ ಮೇಲಿನ ಹೆಂಗಸು. ಮಳೆ ಮುಗಿದ ಮೇಲೆ ಗಂಡ, ಮಕ್ಕಳೊಂದಿಗೆ ಬಂದು, ಮುಂದಿನ ಮಳೆಗೆ ಮುಂಚೆ ಊರಿಗೆ ಹೋಗುವ ಕುಟುಂಬ. ಇಪ್ಪತ್ತು ವರ್ಷದಿಂದ ಇದೇ ಭಟ್ಟಿ. ಹಸಿ ಇಟ್ಟಿಗೆ ಹಾಕುವುದರಲ್ಲಿ ಅವಳ ಕೈ ಎಲ್ಲರಿಗಿಂತ ಮುಂದೆ ಎಂದು ಶೇಠ್ ಹೇಳಿದ್ದರು.

ಬಗ್ಗಿ ಅವಳ ಗುಡಿಸಲೊಳಗೆ ಹೋದೆ. ಹೋದವನು ನಿಂತುಬಿಟ್ಟೆ. ಒಳಗೆ ತಂಪಾಗಿತ್ತು. ಬಿಸಿಲಿನಿಂದ ನೆರಳಿಗೆ ಬಂದಾಗ ಅನ್ನಿಸುವ ತಂಪಲ್ಲ, ಬಾವಿಯ ಕಟ್ಟೆಗೆ ಕೆನ್ನೆ ಆನಿಸಿದ ಹಾಗೆ. ಮೇಲೆ ತಗಡು, ಅದರ ಮೇಲೆ ಒಣಹುಲ್ಲು; ಸುತ್ತ ಮಣ್ಣಿನಲ್ಲಿ ಕೂರಿಸಿದ ಇಟ್ಟಿಗೆಯ ಗೋಡೆ, ಅಷ್ಟೇ. ಪಕ್ಕದ ಗುಡಿಸಲಿಗೂ ಅದೇ ತಗಡು, ಅದೇ ಹುಲ್ಲು. ಅವರನ್ನು ಕೇಳಿಕೊಂಡು ಅಲ್ಲಿಗೂ ಹೋಗಿ ನಿಂತೆ. ಒಲೆಯೊಳಗೆ ನಿಂತ ಹಾಗಿತ್ತು. ಮತ್ತೆ ಕಾಶವ್ವನ ಗುಡಿಸಲು. ಮತ್ತೆ ಪಕ್ಕದ್ದು. ನಾನು ಹೀಗೆ ಓಡಾಡುವುದನ್ನು ನೋಡಿ ಹೆಂಗಸರು ಸೆರಗಿನಲ್ಲಿ ನಗತೊಡಗಿದರು.

"ಏನ್ ಕಳಕೊಂಡೀರಿ ಸಾಹೇಬ್ರ?" ಎಂದಳು ಕಾಶವ್ವ.

"ಕಾಶವ್ವ, ನಿಮ್ಮ ಗೋಡೆಗೆ ಯಾವ ಇಟ್ಟಿಗೆ?"

"ಇವು ಮೂಕಿ ಇಟ್ಟಂಗಿ ರೀ. ಬಡದ್ರ ಮಾತಾಡಂಗಿಲ್ಲ. ಬಾಜೂದವ್ರು ದೀಪಾವಳಿ ಆದಮ್ಯಾಲ ಹಳೀ ಇಟ್ಟಂಗೀಲೆ ಕಟ್ಯಾರ. ನಮ್ದು ಬಿದ್ದಿತ್ತು, ಈ ಉಮಿ ಭಟ್ಟಿ ತಗದಮ್ಯಾಲ ಒಗದದ್ದನ್ನ ಆರಸ್ಕೊಂಡು ಮತ್ತ ಕಟ್ಟೇವಿ."

"ಒಗೆದದ್ದು ಅಂದರೆ? ಯಾರು ಒಗೆದದ್ದು?"

"ಶೇಠರು! ಮತ್ಯಾರು?" ಅವಳು ಗೋಡೆಯ ಮೂಲೆಯಲ್ಲಿ ಉಳಿದಿದ್ದ ಎರಡು ಇಟ್ಟಿಗೆ ತೆಗೆದು ಒಂದಕ್ಕೊಂದು ಬಡಿದಳು. ಡಬ್ ಎಂದಿತು. ಹೊರಗೆ ಗಾಡಿಗೆ ಹೇರಲು ಜೋಡಿಸಿದ್ದ ರಾಶಿಯಿಂದ ಎರಡು ತಂದು ಬಡಿದಳು. ಖಣ್ ಎಂದಿತು, ದೇವಸ್ಥಾನದ ಸಣ್ಣ ಗಂಟೆಯ ಹಾಗೆ. "ಖಣ್ ಅಂದ್ರ ಪಾಸ್. ಡಬ್ ಅಂದ್ರ ನಮಗ."

ಒಂದೊಂದು ಕೈಯಲ್ಲಿ ಒಂದೊಂದು ಇಟ್ಟಿಗೆ ಹಿಡಿದೆ. ತಕ್ಕಡಿ ಬೇಕಿರಲಿಲ್ಲ. ಖಣ್ ಎಂದ ಇಟ್ಟಿಗೆ ಹಿಡಿದ ಕೈ ತಾನಾಗಿ ಕೆಳಗಿಳಿಯಿತು. ಎರಡರ ಮೇಲೂ ಒಂದೇ ಛಾಪು, ಮೂಕಿಯದರ ಮೇಲೂ ಶೇಠರ ತಂದೆಯ ಎರಡಕ್ಷರ. ಅಚ್ಚು ಒತ್ತುವುದು ಸುಡುವ ಮೊದಲೇ ಅಲ್ಲವೇ.

ಆಗ ನನಗೆ ಫೆಬ್ರವರಿಯ ಫೋನ್ ನೆನಪಾಗಿ ಕಿವಿ ಬಿಸಿಯಾಯಿತು. ಹತ್ತು ಒಳ್ಳೆಯ ಇಟ್ಟಿಗೆ ತನ್ನಿ. ಇಟ್ಟಿಗೆಯ ಕಸುಬಿನಲ್ಲಿ ಒಳ್ಳೆಯದು ಎಂದರೆ ಒಂದೇ ಅರ್ಥ. ಕಿವಿಯ ಹತ್ತಿರ ಹಿಡಿದು ಬಡಿದಾಗ ಖಣ್ ಎನ್ನಬೇಕು. ಆ ಸದ್ದು ಬರುವುದು ಚೆನ್ನಾಗಿ ಬೆಂದು, ಮಣ್ಣು ಅರೆಕರಗಿ, ಒಳಗಿನ ತೂತೆಲ್ಲ ಮುಚ್ಚಿ ಗಟ್ಟಿಯಾದ ಇಟ್ಟಿಗೆಯಿಂದ. ಉಮಿ ತಾನೇ ಉರಿಯುವ ವಸ್ತು. ಭಟ್ಟಿಯ ನಡುವಿನಲ್ಲಿ ಕಲ್ಲಿದ್ದಲಿನ ಕಾವಿಗೆ ಅದರ ಕಾವೂ ಸೇರಿ ಅಲ್ಲಿನ ಇಟ್ಟಿಗೆ ಅತಿಯಾಗಿ ಬೆಂದು ಕುಗ್ಗಿಹೋಗಿತ್ತು. ನನ್ನ ನೋಟ್ ಬುಕ್ಕಿನ ಕುಗ್ಗಿದ ಅಳತೆ ಅದೇ. ಅಂಚಿನ ಸಾಲುಗಳಲ್ಲಿ ಕಾವು ಹದವಾಗಿತ್ತು. ಉಮಿ ಉರಿದು ಹೋಗಿ ತೂತು ತೂತಾಗಿಯೇ ಉಳಿದಿತ್ತು. ಅವು ಡಬ್ ಎಂದವು. ಶೇಠ್ ಮೂರು ಸಲವೂ ನೂರಾರು ಇಟ್ಟಿಗೆಗಳಲ್ಲಿ ಬಡಿದು ಬಡಿದು, ಅಪ್ಪನಿಂದ ಕಲಿತ ಕಿವಿಯಲ್ಲಿ ಕೇಳಿ, ಈ ಪರೀಕ್ಷೆಗೆ ಅತ್ಯಂತ ಕೆಟ್ಟ ಹತ್ತನ್ನು ಪ್ರಾಮಾಣಿಕವಾಗಿ ಆರಿಸಿ, ಕಾಗದದಲ್ಲಿ ಸುತ್ತಿ, ಹೆಗಲ ಮೇಲೆ ಹೊತ್ತು ತಂದಿದ್ದರು.

ಲಕೋಟೆಯನ್ನು ಹರಿದು ಜೇಬಿಗೆ ಹಾಕಿಕೊಂಡೆ. ಕಾಶವ್ವ ಕೊಟ್ಟ ಆರು ಮೂಕಿ ಇಟ್ಟಿಗೆಗಳನ್ನು ಚೀಲಕ್ಕೆ ತುಂಬಿ, ಶೇಠರಿಗೆ ಕಾಯದೆ ಹಿಂದಿರುಗಿದೆ. ಲೋಕಲ್ಲಿನಲ್ಲಿ ಆ ಚೀಲವನ್ನು ಕಾಲ ಮೇಲಿಟ್ಟುಕೊಂಡು ಕೂತವನನ್ನು ಜನ ಬೈದದ್ದು ಒಂದೆರಡು ಭಾಷೆಯಲ್ಲಲ್ಲ.

ಒಂದೊಂದೂ ಎರಡೂಕಾಲು ಕೆ.ಜಿ. ಹಾಟ್ ಪ್ಲೇಟ್ ತೋರಿಸಿದ್ದು 0.41. ಮೇಡಂ ಅಂಕಿ ನೋಡಿದರು, ಇಟ್ಟಿಗೆ ನೋಡಿದರು, ನನ್ನನ್ನು ನೋಡಿದರು.

"ಕಳ್ಳ ಅಂದ್ಬಿಟ್ಟಿದ್ದೆ ನಾನು ಅವರನ್ನ" ಎಂದರು.

"ಅವರೆದುರು ಅನ್ಲಿಲ್ಲ ಮೇಡಂ."

"ನೀವು ಅಂದ್ರಲ್ಲ, ನನ್ನ ಪರವಾಗಿ. ನಾನೂ ಬರ್ತೀನಿ, ನಡೀರಿ."

ಇಷ್ಟಕ್ಕೆ ಕತೆ ಮುಗಿಯಬೇಕಿತ್ತು. ಗೊಂದಲ ಮುಗಿಯಿತು, ಇನ್ನು ಸಂತೋಷದ ಸುದ್ದಿ ಹೇಳಿ ಚಾ ಕುಡಿದು ಬರುವುದು ಎಂದುಕೊಂಡು ಹೋದವರಿಗೆ ಶೇಠ್ ಕೈ ಅಡ್ಡ ಮಾಡಿದರು.

"ಇದು ಆಗುವುದಿಲ್ಲ ಮೇಡಂ. ಡಬ್ ಅನ್ನುವ ಇಟ್ಟಿಗೆ ನಮ್ಮಪ್ಪನ ಛಾಪು ಹೊತ್ತು ಈ ಭಟ್ಟಿಯಿಂದ ಹೋಗುವುದಿಲ್ಲ. ಭಟ್ಟಿ ಹೋದರೆ ಹೋಗಲಿ."

ನನಗೆ ನಂಬಲಾಗಲಿಲ್ಲ. ಅಕ್ಷಯ ತೃತೀಯೆಗೆ ಒಂದು ವಾರವಿದೆ. ಯಾವುದಕ್ಕಾಗಿ ಮೂರು ತಿಂಗಳು ಗೋಣಿ ಹೊತ್ತರೋ ಅದು ಸಿಕ್ಕಿದೆ. ಈಗ ಬೇಡವೆನ್ನುತ್ತಿದ್ದಾರೆ. ಮೇಡಂ ತೂತು, ಗಾಳಿ, ದಶಮಾಂಶ ಎಂದು ವಿವರಿಸಿದರು. ನಾನು ಮಕ್ಕಳು, ಬಿಸಿಲು ಎಂದೆ. ಅವರು ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ತಲೆ ಆಡಿಸುತ್ತಲೇ ಇದ್ದರು. ಯಾರದು ಸರಿ ಎಂದೇ ನನಗೆ ತಿಳಿಯದಾಯಿತು. ಪೋಕಳ್, ಅಂದರೆ ಪೊಳ್ಳು ಮಾಲು ಕಳಿಸಬೇಡ ಎಂದು ಅಪ್ಪ ಹೇಳಿಕೊಟ್ಟದ್ದನ್ನು ಒಬ್ಬ ಮನುಷ್ಯ ಆಯುಷ್ಯವಿಡೀ ಪಾಲಿಸಿದ್ದಾನೆ. ಅದನ್ನು ಬಿಡು ಎನ್ನಲು ಮಹಾಪೆಯಿಂದ ಬಂದ ನಾವು ಯಾರು?

ಚಾ ತಂದ ಕಾಶವ್ವ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಇಪ್ಪತ್ತು ವರ್ಷದ ಬಳಕೆಯಲ್ಲಿ ಅವಳ ಮರಾಠಿ ಚೆನ್ನಾಗಿಯೇ ಇತ್ತು. ಶೇಠರಿಗೆ ಮರಾಠಿಯಲ್ಲಿ ಅಂದದ್ದನ್ನು ಆಮೇಲೆ ನನಗೆ ಕನ್ನಡದಲ್ಲೂ ಹೇಳಿದಳು, ಕೇಳಿಸದೆ ಹೋಯಿತೇನೋ ಎಂದು.

"ಶೇಠ, ಇಪ್ಪತ್ತ ವರ್ಸ ಆತು. ಪ್ರತಿ ಸಲಾ ನಾವು ಗ್ವಾಡಿ ಕಟ್ಟೂದು ನೀವು ಒಗದ ಇಟ್ಟಂಗೀಲೆ. ಎಲ್ಲಾದ್ರ ಮ್ಯಾಲೂ ನಿಮ್ಮಪ್ಪನ ಹೆಸರೈತಿ. ಅದರೊಳಗ ನಾ ಮೂರು ಹಡದೇನಿ. ನಮಗ ಕೊಡೂವಾಗ ನಿಮ್ಮಪ್ಪಗ ಅವಮಾನ ಆಗಲಿಲ್ಲ, ಈಗ ಸಾಲಿ ಹುಡುಗ್ರಿಗೆ ಕೊಡಾಕ ಅವಮಾನ ಆಕ್ಕೈತೇನ?"

ಅವಳು ಖಾಲಿ ಲೋಟ ಎತ್ತಿಕೊಂಡು ಹೋದಳು. ಒಂದು ಲೋಟ ಖಾಲಿಯಾಗಿರಲಿಲ್ಲ, ಅದನ್ನೂ ಒಯ್ದಳು. ಅದು ಶೇಠರದು.

ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡು ಶೇಠ್ ಮೇಡಂ ಕಡೆ ನೋಡದೆ ನನ್ನ ಕಡೆ ತಿರುಗಿದರು.

"ಸಾಹೇಬ್, ಕಾಗದದ ಮಾತು ಬೇಡ. ನಿಮ್ಮ ಸ್ವಂತ ಮಗ ಓದುವ ಶಾಲೆಯಾದರೆ, ಈ ಇಟ್ಟಿಗೆ ಹಾಕಿಸುತ್ತೀರಾ?"

ಕೂಡಲೇ ಹೌದೆನ್ನಲು ನನ್ನಿಂದಾಗಲಿಲ್ಲ. ಹದ ಕಾವಿನಲ್ಲಿ ಬೆಂದ ಇಟ್ಟಿಗೆ ನೀರು ಹೆಚ್ಚು ಕುಡಿಯುತ್ತದೆ, ಅದನ್ನೂ ನಾವು ಪರೀಕ್ಷಿಸಿದ್ದೆವು. ಭಾರ ತಡೆಯುವ ಶಕ್ತಿ ಗಟ್ಟಿ ಇಟ್ಟಿಗೆಯ ಅರ್ಧದ ಹತ್ತಿರ. ಕಾಂಕ್ರೀಟ್ ಕಂಬಗಳ ನಡುವೆ ತುಂಬುವ ಗೋಡೆಗೆ ಅಷ್ಟು ಧಾರಾಳ ಸಾಕು. ಆದರೆ ನೆಲದ ತೇವ ತಾಗುವ ಕಡೆ?

"ಗೋಡೆಗೆ ಹಾಕಿಸುತ್ತೇನೆ" ಎಂದೆ. "ಎರಡೂ ಕಡೆ ಪ್ಲಾಸ್ಟರ್ ಮಾಡಿಸಿ. ಅಡಿಪಾಯಕ್ಕೆ, ನೆಲಮಟ್ಟದವರೆಗೆ ಮಾತ್ರ ಹಾಕಿಸುವುದಿಲ್ಲ. ಅಲ್ಲಿಗೆ ನಿಮ್ಮ ಖಣ್ ಎನ್ನುವ ಇಟ್ಟಿಗೆಯೇ ಬೇಕು."

ಅವರು ಮೊದಲ ಬಾರಿಗೆ ನನ್ನನ್ನು ನೆಟ್ಟಗೆ ನೋಡಿದರು. "ಇದನ್ನು ಕಾಗದದಲ್ಲೂ ಬರೆಯುತ್ತೀರಾ?"

"ಬರೆಯುತ್ತಾರೆ, ನಾನು ಸಹಿ ಹಾಕ್ತೀನಿ" ಎಂದರು ಮೇಡಂ, ತಮಗೆ ಬರುವಷ್ಟು ಮರಾಠಿಯಲ್ಲಿ. ಆಮೇಲೆ ಎದ್ದು ನಿಂತು ಅವರಿಗೆ ಕೈ ಮುಗಿದು ಕ್ಷಮೆ ಕೇಳಿದರು. ಶೇಠ್ ಗಾಬರಿಯಾಗಿ ತಾವೂ ಎದ್ದು ನಿಂತರು. ಯಾವ ವಿಷಯಕ್ಕೆ ಕ್ಷಮೆ ಎಂದು ಅವರೂ ಕೇಳಲಿಲ್ಲ, ಮೇಡಂ ಕೂಡ ಹೇಳಲಿಲ್ಲ.

ಮಾದರಿಯನ್ನು ಈ ಸಲ ನಾನೇ ಎತ್ತಿದೆ. ಭಟ್ಟಿಯಲ್ಲಿ ಇನ್ನೂ ತೆಗೆಯದೆ ಉಳಿದಿದ್ದ ಅಂಚಿನ ಸಾಲುಗಳಿಂದ, ಬಡಿಯದೆ, ನೋಡದೆ, ಎಣಿಸಿ ಪ್ರತಿ ಇಪ್ಪತ್ತನೆಯದು. ಶೇಠ್ ಪಕ್ಕದಲ್ಲೇ ನಿಂತಿದ್ದರು. ಬಡಿದು ನೋಡಲು ಅವರ ಕೈ ಎಷ್ಟು ತುರಿಸುತ್ತಿತ್ತೆಂದರೆ, ಕೊನೆಗೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಫಲಿತಾಂಶ 0.43. ಕಾಶವ್ವ ಕೊಟ್ಟ ಆರು ಇಟ್ಟಿಗೆಗಿಂತ ಸ್ವಲ್ಪ ಹೆಚ್ಚು, ಕೇಳಿದ್ದಕ್ಕಿಂತ ಕೂದಲಷ್ಟು ಕಡಿಮೆ. ಅಡಿಪಾಯದ ಮಾತನ್ನೂ ಸೇರಿಸಿ ರಿಪೋರ್ಟು ಬರೆದು, ಅಕ್ಷಯ ತೃತೀಯೆಗೆ ಎರಡು ದಿನ ಮುಂಚೆ ಅವರ ಕೈಗೇ ಕೊಟ್ಟು ಬಂದೆ.

ಆರ್ಡರ್ ಬಂತು. ಮೇ ತಿಂಗಳಲ್ಲಿ ಎರಡು ಭಟ್ಟಿ ಹಾಕಿದರು, ನಡುವಿನಲ್ಲಿ ಮಾಮೂಲಿ ಇಟ್ಟಿಗೆ, ಅಂಚಿನಲ್ಲೆಲ್ಲ ಉಮಿಯದು. ಶೇಠರ ಮಕ್ಕಳು ಮಾತಿಗೆ ತಪ್ಪಲಿಲ್ಲ. ಶೇಠ್ ಇರುವವರೆಗೆ, ಇನ್ನೂ ಐದು ಸೀಸನ್, ಭಟ್ಟಿ ನಡೆಯಿತು. ಕಾಶವ್ವನ ಕುಟುಂಬ ಐದೂ ಸೀಸನ್ ಬಂತು. ಶಾಲೆಯನ್ನು ನಾನು ಒಂದು ಏಪ್ರಿಲ್‌ನಲ್ಲಿ ಹೋಗಿ ನೋಡಿದೆ. ಒಳಗೆ ಮಕ್ಕಳು ಗದ್ದಲ ಮಾಡುತ್ತಿದ್ದರು, ಅಂದರೆ ಸೆಖೆಗೆ ಬಾಡಿ ಬಿದ್ದಿರಲಿಲ್ಲ. ಆ ದಿನ ಥರ್ಮಾಮೀಟರ್ ಒಯ್ದಿರಲಿಲ್ಲ, ಬೇಕೆಂದೂ ಅನಿಸಲಿಲ್ಲ.

ನಿವೃತ್ತನಾಗಿ ಈಗ ಕೆಲವು ವರ್ಷಗಳಾದವು. ಯಂತ್ರ ತಪ್ಪಾಗಿರಲಿಲ್ಲ, ಶೇಠ್ ಸುಳ್ಳಾಡಿರಲಿಲ್ಲ, ಮೇಡಂ ತರ್ಕದಲ್ಲೂ ದೋಷವಿರಲಿಲ್ಲ. ಎಲ್ಲರೂ ಸರಿಯಿದ್ದೂ ಮೂರು ತಿಂಗಳು ತಪ್ಪು ಉತ್ತರ ಬಂದದ್ದು ಹೇಗೆ ಎಂದು ಯೋಚಿಸಿದಾಗೆಲ್ಲ ಇವತ್ತಿಗೂ ಸ್ವಲ್ಪ ತಲೆ ತಿರುಗುತ್ತದೆ. ಒಳ್ಳೆಯದು ಎಂಬ ಮಾತು ಯಾವ ಕೆಲಸಕ್ಕೆ ಎಂಬುದನ್ನು ಬಿಟ್ಟು ಒಂಟಿಯಾಗಿ ನಿಲ್ಲುವುದಿಲ್ಲ ಎಂದು ಆ ನೌಕರಿ ನನಗೆ ಕಲಿಸಿತು. ಅಲ್ಲಿಂದಾಚೆಗೆ ಯಾರು ಏನು ತಂದುಕೊಟ್ಟರೂ ಪೆನ್ನು ತೆಗೆಯುವ ಮೊದಲು ಕೇಳುತ್ತಿದ್ದೆ: ಇದನ್ನು ಆರಿಸಿದವರು ಯಾರು, ಹೇಗೆ ಆರಿಸಿದರು? ಟೈಲ್ಸ್ ಕಂಪನಿಯ ಒಬ್ಬ ಮ್ಯಾನೇಜರಿಗಂತೂ ಸಿಟ್ಟೇ ಬಂದಿತ್ತು. "ಬೆಸ್ಟ್ ಪೀಸ್ ತಂದಿದೀನಿ ಸಾರ್, ಇನ್ನೇನು ಬೇಕು ನಿಮಗೆ?"

"ನೀವು ಬಿಟ್ಟು ಬಂದದ್ದು ಬೇಕು" ಎಂದೆ. "ನಾಳೆ ಅದರಲ್ಲೂ ನಾಲ್ಕು ತನ್ನಿ. ಆಮೇಲೆ ಅಳೆಯೋಣ."